ಹುಳುಮನೆಯ ಗಾಳಿ

ನನ್ನ ಯಜಮಾನರು ತೀರಿಕೊಂಡದ್ದು ನಮ್ಮ ಹುಳುಮನೆಯಲ್ಲಿ, ಕಾರ್ತಿಕದ ಜಡಿಮಳೆಯ ಒಂದು ಬೆಳಿಗ್ಗೆ. ಹಾರ್ಟ್ ಅಟ್ಯಾಕ್ ಎಂದು ಅತ್ತೆ ಮಾವ ಊರಿಗೆ ಹೇಳಿದರು. ಮಗಳಿಗೂ ಅದನ್ನೇ ಹೇಳಿದರು. ಆಗ ಅವಳು ನಾಲ್ಕನೇ ಕ್ಲಾಸು. ಮರುವರ್ಷ ಶಾಲೆಯಲ್ಲಿ ಗಾಳಿಯ ಪಾಠ ಬಂತು. ಆ ಪಾಠ ಬಾರದೇ ಇದ್ದಿದ್ದರೆ ನಮ್ಮ ಮನೆಯ ಸುಳ್ಳು ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ ನನಗೆ ಗೊತ್ತಿಲ್ಲ.

ನಮ್ಮ ಊರು ಜಂಗಮಕೋಟೆಗೆ ಹತ್ತಿರ. ಹೊಲದಲ್ಲಿ ಹಿಪ್ಪುನೇರಳೆ, ಕೊಟ್ಟಿಗೆಯಲ್ಲಿ ಸೀಮೆಹಸು, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಮನೆ. ಇಲ್ಲಿ ಯಾರ ಮನೆಗೆ ಹೋದರೂ ಹೀಗೆಯೇ. ಚಾಕಿ ಸೆಂಟರಿನಿಂದ ಮರಿಹುಳು ತಂದು, ಸೊಪ್ಪು ಹಾಕಿ ಬೆಳೆಸಿ, ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತೇವೆ. ಹುಳುವಿಗೆ ಸೆಕೆ ಹೆಚ್ಚಾಗಬಾರದು, ಚಳಿಯೂ ಆಗಬಾರದು. ಗಾಳಿ ಒಣಗಬಾರದು, ತೀರ ತೇವವೂ ಆಗಬಾರದು. ಬೆಳೆಯುವಾಗ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಹುಳು ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಮನೆಯಲ್ಲಿ ಹಸುಗೂಸು ಮಲಗಿದ ಹಾಗೆ ಎಲ್ಲರೂ ಮೆಲ್ಲಗೆ ನಡೆಯುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ. ಮನುಷ್ಯರಿಗೆ ಜ್ವರ ಬಂದರೆ ಇಷ್ಟು ಮರ್ಯಾದೆ ನಮ್ಮ ಕಡೆ ಸಿಗುವುದಿಲ್ಲ.

ನನ್ನ ಯಜಮಾನರಿಗೆ ಹುಳುವಿಗಿಂತ ಹುಳುಮನೆಯ ಹವೆಯ ಮೇಲೆ ಪ್ರೀತಿ ಹೆಚ್ಚು. ಬಾಗಿಲ ಪಕ್ಕದ ಗೋಡೆಗೆ ಜೋಡಿ ಥರ್ಮಾಮೀಟರು ನೇತುಹಾಕಿದ್ದರು. ಎರಡು ಗಾಜಿನ ಕೊಳವೆ. ಒಂದರ ಬುಡ ಬರಿದು. ಇನ್ನೊಂದರ ಬುಡಕ್ಕೆ ಬತ್ತಿಯ ಹಾಗೆ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನಲ್ಲಿ ಇಳಿಬಿಟ್ಟಿದ್ದರು. ಅದನ್ನು ನೋಡುವ ಕೆಲಸವನ್ನು ಅವರು ಮಗಳಿಗೆ ಕೊಟ್ಟಿದ್ದರು. ಒದ್ದೆ ಬಟ್ಟೆ ಒಣಗುತ್ತಾ ಹೋದರೆ ಆ ಕೊಳವೆ ತಣ್ಣಗಾಗುತ್ತದೆ, ಮೈ ಬೆವರಿದಾಗ ಗಾಳಿ ಬೀಸಿದರೆ ತಣ್ಣಗಾಗುವುದಿಲ್ಲವೇ ಹಾಗೆ ಎಂದು ಹೇಳಿಕೊಟ್ಟಿದ್ದರು. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬಟ್ಟೆ ಒಣಗುವುದಿಲ್ಲ, ಆಗ ಎರಡೂ ಕೊಳವೆಗಳು ಒಂದೇ ಲೆಕ್ಕ ತೋರಿಸುತ್ತವೆ. ಮಳೆಗಾಲದಲ್ಲಿ ಅವಳು ಅಲ್ಲಿಂದಲೇ ಕೂಗುತ್ತಿದ್ದಳು.

"ಅಪ್ಪಾ, ಎರಡೂ ಒಂದೇ ಆಗ್ಬಿಟ್ಟೈತೆ."

"ಹಂಗಂದ್ರೆ ಏನಮ್ಮ?"

"ಗಾಳಿ ಹೊಟ್ಟೆ ತುಂಬ ನೀರು ಕುಡಿದೈತೆ. ಇನ್ನು ಬೇಡ ಅಂತೈತೆ."

ಅವರು ನಗುತ್ತಿದ್ದರು. ಅವರು ಪಿಯುಸಿ ದಾಟಿರಲಿಲ್ಲ. ನಾನೂ ಅಷ್ಟೇ, ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಮುಗಿಸಿ ಮದುವೆಯಾದವಳು. ಆದರೆ ಮಗಳಿಗೆ ಹೇಳಿಕೊಡಲೆಂದೇ ಅವರು ಅವಳ ಪುಸ್ತಕಗಳನ್ನು ಮೊದಲು ತಾವು ಓದುತ್ತಿದ್ದರು. ಭೂಮಿಯ ಸುತ್ತ ಇರುವ ಗಾಳಿ ನಮಗೆ ಬಹಳ ಎಂದು ಕಾಣುತ್ತದೆ, ಆದರೆ ಭೂಮಿಯ ಗಾತ್ರಕ್ಕೆ ಅದು ಕಡಲೆಬೀಜದ ಮೇಲಿನ ಕೆಂಪು ಸಿಪ್ಪೆಯಷ್ಟೇ ಎಂದು ಒಂದು ದಿನ ಕಡಲೆಕಾಯಿ ಸುಲಿಯುತ್ತಾ ಹೇಳಿದ್ದರು. ಆ ಸಿಪ್ಪೆಯೊಳಗೇ ಮಳೆ, ಮಂಜು, ಗುಡುಗು ಎಲ್ಲ. ಟೀವಿಯಲ್ಲಿ ಹವಾಮಾನ ಹೇಳುವವರ ಮೇಲೆ ಮಾತ್ರ ಅವರಿಗೆ ನಂಬಿಕೆ ಇರಲಿಲ್ಲ. ಬೆಂಗಳೂರಿಗೆ ಮಳೆ ಎಂದು ಹೇಳಿದರೆ ಇವತ್ತು ಬಟ್ಟೆ ಒಗೆದು ಹಾಕು, ಒಣಗುತ್ತದೆ ಎಂದು ನನಗೆ ಹೇಳುತ್ತಿದ್ದರು.

ನನ್ನ ತವರು ಕಳವಾರ. ಬೆಟ್ಟದ ಬುಡದ ಊರು. ಈಗ ಬೆಂಗಳೂರಿನವರು ಬೆಳಗಿನ ಜಾವಕ್ಕೇ ಬೆಟ್ಟ ಹತ್ತಿ, ಕೆಳಗೆ ಹಾಸಿದ ಮಂಜನ್ನು ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವರು ಮೇಲಿನಿಂದ ನೋಡುವ ಆ ಮಂಜಿನ ಕೆಳಗೆ ನಾವು ಸಗಣಿ ಬಾಚುತ್ತಿರುತ್ತಿದ್ದೆವು. ತಣ್ಣನೆಯ ಗಾಳಿ ಭಾರ, ಅದು ಬೆಟ್ಟದ ಮೇಲಿನಿಂದ ನೀರಿನ ಹಾಗೆ ಇಳಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ ಎಂದು ನನಗೆ ತಿಳಿದದ್ದು ಮಗಳ ಪುಸ್ತಕದಿಂದ. ಅಲ್ಲಿಯವರೆಗೆ ನಮ್ಮೂರಿನ ಚಳಿ ನಮ್ಮ ಹಣೆಬರಹ ಎಂದುಕೊಂಡಿದ್ದೆ. ಅತ್ತೆ ಈ ಚಳಿಯ ಮಾತೆತ್ತಿ ನನ್ನನ್ನು ಹಂಗಿಸುತ್ತಿದ್ದರು. ಬೆಟ್ಟದ ಕಡೆಯಿಂದ ಬಂದವಳಿಗೆ ಚಳಿ ಎಂದರೆ ಗೊತ್ತಿಲ್ಲ, ಹುಳುಮನೆಯ ಕಿಟಕಿ ತೆಗೆದೇ ಇಡುತ್ತಾಳೆ ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹುಳು ಸಾಕಿದ್ದಾರೆ. ಹಿಂದೆಲ್ಲ ವಾಸದ ಮನೆಯಲ್ಲಿಯೇ, ನಾಡಹೆಂಚಿನ ಮಾಡಿನ ಕೆಳಗೆ ಸಾಕುತ್ತಿದ್ದರಂತೆ. ಚಳಿಗಾಲದಲ್ಲಿ ಕುಂಪಟಿಯಲ್ಲಿ ಇದ್ದಿಲ ಕೆಂಡ ಮಾಡಿ ತಟ್ಟೆಗಳ ಮಧ್ಯೆ ಇಟ್ಟು, ಅದರ ಪಕ್ಕದಲ್ಲಿಯೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರಂತೆ. ಮಾವ ಹುಡುಗರಾಗಿದ್ದಾಗ ಅವರೂ ಹಾಗೆ ಮಲಗಿದವರೇ. ಹುಳುಮನೆ ಮುಚ್ಚುವುದು, ಕೆಂಡ ಇಡುವುದು, ಇವೆರಡೂ ನಮ್ಮಲ್ಲಿ ಮಗುವಿಗೆ ಕುಲಾವಿ ಹಾಕಿದ ಹಾಗೆ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ಹಳೆಯ ಮನೆ ಕೆಡವಿ ನಾವು ಬೇರೆಯಾಗಿ ಹುಳುಮನೆ ಕಟ್ಟಿಸಿದೆವು. ಸಿಮೆಂಟ್ ಗೋಡೆ, ಮೇಲೆ ಕಾಂಕ್ರೀಟಿನ ಮೋಲ್ಡ್. ಗೋಡೆಯ ಮೇಲ್ಭಾಗದಲ್ಲಿ ಗಾಳಿ ಹೋಗಲು ಸಾಲಾಗಿ ಕಿಂಡಿಗಳು, ಕೆಳಗೆ ಇನ್ನೊಂದು ಸಾಲು. ಊರಿಗೇ ಮಾದರಿ ಎಂದು ಜನ ನೋಡಲು ಬಂದಿದ್ದರು.

ಆ ಕಾರ್ತಿಕದಲ್ಲಿ ಬಂಗಾಳ ಕೊಲ್ಲಿಯ ಸೈಕ್ಲೋನ್ ಎಂದು ಮಳೆ ಹಿಡಿಯಿತು. ಜೋರು ಮಳೆಯಲ್ಲ. ಬಿಡದೆ ಜಿನುಗುವ, ಮೂಳೆಗೆ ಇಳಿಯುವ ಮಳೆ, ಜೊತೆಗೆ ಮೂಡಣದ ಗಾಳಿ. ಸೂರ್ಯ ಕಾಣಲೇ ಇಲ್ಲ. ಹುಳು ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತು. ಹಿಂದಿನ ಬೆಳೆ ಇಂಥದೇ ಚಳಿಯಲ್ಲಿ ಕೆಟ್ಟಿತ್ತು, ಹುಳು ಹಾಲು ತುಂಬಿದಂತೆ ಬಿಳಿಚಿ ಊದಿ ಸತ್ತಿದ್ದವು. ಈ ಸಲ ಹಾಗಾಗಬಾರದು ಎಂದು ಅಪ್ಪ ಮಗ ಇಬ್ಬರೂ ಕೂತು ಮಾತಾಡಿಕೊಂಡರು. ಗೋಣಿಚೀಲ, ಪ್ಲಾಸ್ಟಿಕ್ ಹಾಳೆ ಬಂದವು. ಕೆಳಗಿನ ಕಿಂಡಿಗಳನ್ನು ಯಜಮಾನರು ಮುಚ್ಚಿದರು. ಮೇಲಿನವಕ್ಕೆ ಮಗಳನ್ನು ಕರೆದರು. ಅವಳು ಹಗುರ, ಹುಳು ತಟ್ಟೆಯ ಸ್ಟ್ಯಾಂಡ್ ಹತ್ತಿದರೂ ಅಲುಗುವುದಿಲ್ಲ. ಅವಳು ಸಂಭ್ರಮದಿಂದ ಹತ್ತಿ ಒಂದೊಂದೇ ಕಿಂಡಿಗೆ ಗೋಣಿ ತುರುಕಿದಳು. ಮಾವ ಕೆಳಗೆ ನಿಂತು, ಇರುವೆ ನುಗ್ಗಲೂ ಸಂದಿ ಬಿಟ್ಟಿಲ್ಲ ನೋಡು ನನ್ನ ಮೊಮ್ಮಗಳು ಎಂದು ಹೊಗಳಿದರು. ಅಂಗಳದಲ್ಲಿ ಕೆಂಡ ಮಾಡಿ, ಎರಡು ಕುಂಪಟಿಗಳಲ್ಲಿ ತುಂಬಿ, ತಾವೇ ಒಳಗೆ ತಂದಿಟ್ಟರು. ಹೊಗೆ ಒಂದು ಎಳೆಯೂ ಇಲ್ಲದಂತೆ ಕೆಂಡ ಮಾಡುವುದು ಅವರಿಗೆ ಹೆಮ್ಮೆಯ ಕೆಲಸ. ಬೆಳಕು ಹರಿಯುವ ಮುಂಚೆ ಹುಳು ನೋಡಬೇಕು ಎಂದು ಯಜಮಾನರು ಅಲ್ಲಿಯೇ ಚಾಪೆ ಹಾಸಿಕೊಂಡರು. ಮಗಳು ಥರ್ಮಾಮೀಟರು ನೋಡಿ, ಬೆಚ್ಚಗೈತೆ ಅಪ್ಪ ಎಂದು ಹೇಳಿ ಬಂದಳು.

ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದವಳು ನಾನು. ಬಾಗಿಲ ಸಂದಿಗೆ ಒಳಗಿನಿಂದ ಗೋಣಿ ಒತ್ತಿದ್ದರಿಂದ ತಳ್ಳಬೇಕಾಯಿತು. ಒಳಗೆ ಬೆಚ್ಚಗಿತ್ತು. ಕೆಟ್ಟ ವಾಸನೆ ಇರಲಿಲ್ಲ, ಹೊಗೆ ಇರಲಿಲ್ಲ. ಅವರು ಮಗ್ಗುಲಾಗಿ ಮಲಗಿದ್ದರು, ಮುಖದಲ್ಲಿ ಕೆಂಪು ಇತ್ತು. ಆರೋಗ್ಯವಾಗಿ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಲುಗಾಡಿಸಿದೆ. ಅವರ ಸುತ್ತ ತಟ್ಟೆಗಳ ತುಂಬ ಹುಳುಗಳು ತಲೆ ಎತ್ತಿಕೊಂಡು ಕೂತಿದ್ದವು. ಒಂದಕ್ಕೂ ಏನೂ ಆಗಿರಲಿಲ್ಲ.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು, ಮುಚ್ಚಿದ ಮನೆಯಲ್ಲಿ ಕೆಂಡ ಇಟ್ಟಿದ್ದರಾ ಎಂದು ಕೇಳಿದರು. ಅದರ ಗ್ಯಾಸಿನಿಂದ ಆದದ್ದು ಎಂದು ಸ್ಪಷ್ಟವಾಗಿ ಹೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಾವ ಹೊರಗೆ ಬಂದು, ಊರಿನಿಂದ ಬಂದಿದ್ದವರಿಗೆ ಹಾರ್ಟ್ ಅಂತೆ ಎಂದರು. ಆಸ್ಪತ್ರೆಯ ಕಾಗದದಲ್ಲಿ ಏನಿದ್ದರೂ ಊರಿನ ಬಾಯಲ್ಲಿ ಅದೇ ಉಳಿಯಿತು. ನಾನು ತಿದ್ದಲಿಲ್ಲ. ಕಿಂಡಿ ಮುಚ್ಚಿದ ಮಗು ಮನೆಯಲ್ಲಿದೆ, ಅವಳ ತಲೆಯ ಮೇಲೆ ಇದು ಬೀಳುವುದು ಬೇಡ ಎನ್ನುವುದೊಂದೇ ಆಗ ನನ್ನ ಎದುರಿಗಿತ್ತು. ಮಾವನೂ ಅದಕ್ಕೇ ಸುಳ್ಳು ಹೇಳಿದರು ಎಂದೂ ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಈಗ ನನಗೆ ನಗು ಬರುತ್ತದೆ.

ಸೂತಕದವರು ಹುಳುಮನೆಗೆ ಕಾಲಿಡುವ ಹಾಗಿಲ್ಲ. ಹುಳುವಿಗೆ ಮೈಲಿಗೆ ತಾಗುತ್ತದೆ ಎನ್ನುತ್ತಾರೆ. ಹಾಗಾಗಿ ನಮ್ಮ ಹುಳುವನ್ನು ಪಕ್ಕದ ಮನೆಯವರು ಸಾಕಿದರು. ನಾವು ಒಳಗೆ ಕೂತು ಅಳುತ್ತಿದ್ದಾಗ ಹಿತ್ತಲಲ್ಲಿ ಅವರು ಸೊಪ್ಪು ಹಾಕುವ ಸದ್ದು ಕೇಳುತ್ತಿತ್ತು. ಕೊನೆಯ ಹಂತದಲ್ಲಿ ಹುಳು ಸೊಪ್ಪು ತಿನ್ನುವಾಗ ಮಳೆ ಬಿದ್ದಂತೆ ಶಬ್ದವಾಗುತ್ತದೆ. ಅದೂ ನನಗೆ ಕೇಳುತ್ತಿತ್ತು. ಆ ಸಲದ ಗೂಡು ಗಟ್ಟಿಯಾಗಿ, ಬೆಳ್ಳಗೆ, ಎಲ್ಲರೂ ಮೆಚ್ಚುವಂತೆ ಬಂತು. ಹೋದವನ ಪುಣ್ಯ ಎಂದು ಬಂದವರೊಬ್ಬರು ಹೇಳಿದರು. ಅತ್ತೆ ತಲೆಯಾಡಿಸಿದರು. ನಾನು ಎದ್ದು ಒಳಗೆ ಹೋದೆ.

ವರ್ಷ ಕಳೆಯುತ್ತಾ ಬಂತು. ಮಗಳು ಮೊದಲಿನಷ್ಟು ಮಾತಾಡುತ್ತಿರಲಿಲ್ಲ, ಆದರೆ ಶಾಲೆಗೆ ಹೋಗುತ್ತಿದ್ದಳು, ಊಟ ಮಾಡುತ್ತಿದ್ದಳು. ತಾತನ ಹಿಂದೆಯೇ ಸುತ್ತುತ್ತಿದ್ದಳು. ಅಪ್ಪನ ಜಾಗದಲ್ಲಿ ತಾತನನ್ನು ಇಟ್ಟುಕೊಂಡಿದ್ದಳು ಎಂದೇ ಹೇಳಬೇಕು. ಸಂಜೆ ಅವರ ಗಾಡಿಯ ಹಿಂದೆ ಕೂತು ಡೈರಿಗೆ ಹಾಲು ಹಾಕಲು ಹೋಗುತ್ತಿದ್ದಳು.

ಒಂದು ಸಂಜೆ ನಾನು ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದೆ. ಅವಳು ಪಕ್ಕದಲ್ಲಿ ಬಂದು ಕೂತಳು. ಮಿಸ್ಸು ಕ್ಲಾಸಿನಲ್ಲಿ ಮೇಣದ ಬತ್ತಿ ಹಚ್ಚಿ, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿದರಂತೆ. ಸ್ವಲ್ಪ ಹೊತ್ತಿಗೆ ಬತ್ತಿ ಆರಿತಂತೆ. ಬೆಂಕಿಗೂ ಗಾಳಿ ಬೇಕು, ಗಾಳಿಯಲ್ಲಿರುವ ಆಮ್ಲಜನಕ ಮುಗಿದರೆ ಬೆಂಕಿ ಸಾಯುತ್ತದೆ ಎಂದರಂತೆ. ಇಷ್ಟು ಹೇಳಿ ಅವಳೂ ಒಂದು ಕಡ್ಡಿ ಎತ್ತಿಕೊಂಡು ಸೊಪ್ಪು ಬಿಡಿಸಿದಳು. ಆಮೇಲೆ ಕೇಳಿದಳು.

"ಅಮ್ಮ, ಕೆಂಡಾನೂ ಬೆಂಕೀನೇ ಅಲ್ವಾ?"

ಹೌದು ಎಂದೆ. ಬೇರೆ ಏನು ಹೇಳಲಿ. ಅವಳು ಎದ್ದು ಹೋದಳು.

ಅಂದಿನಿಂದ ಅವಳು ನಾವು ಮಲಗುವ ಕೋಣೆಯ ಕಿಟಕಿ ಮುಚ್ಚಲು ಬಿಡಲಿಲ್ಲ. ಚಳಿ ಶುರುವಾಗಿತ್ತು. ಅತ್ತೆ ಬೈದರೂ ಎದ್ದು ಹೋಗಿ ತೆಗೆಯುತ್ತಿದ್ದಳು. ಗಾಜಿನ ಲೋಟದೊಳಗಿನ ಬತ್ತಿ ಕಾಣುವ ಹಾಗೆ ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಎಂದು ನನಗೆ ತಿಳಿಯುತ್ತಿತ್ತು, ಆದರೆ ಬಾಯಿ ಬರಲಿಲ್ಲ. ಒಂದು ಮಾತು ತೆಗೆದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಕಾರ್ತಿಕ ಮತ್ತೆ ಬಂತು, ಮತ್ತೆ ಹುಳು ಬಂತು. ಮತ್ತೆ ಗೋಣಿಚೀಲ ಬಂದವು. ಮಾವ ಯಾರೋ ಆಳಿನ ಕೈಯಲ್ಲಿ ಕಿಂಡಿಗಳನ್ನು ಮುಚ್ಚಿಸಿದರು. ಈ ಸಲ ಯಾರೂ ಒಳಗೆ ಮಲಗುವುದು ಬೇಡ, ಕೆಂಡ ಮಾತ್ರ ಇಡೋಣ ಎಂದರು. ನನ್ನ ಮುಖ ನೋಡದೆ ಹೇಳಿದರು. ಅಂದರೆ ಡಾಕ್ಟರ ಮಾತು ಅವರಿಗೆ ಚೆನ್ನಾಗಿ ನೆನಪಿತ್ತು. ಗೊತ್ತಿದ್ದೂ ಅದೇ ಕುಂಪಟಿ, ಅದೇ ಗೋಣಿ.

ಅಂದು ಶಾಲೆಯಿಂದ ಬಂದ ಮಗಳು ಬ್ಯಾಗನ್ನೂ ಇಡದೆ ಹುಳುಮನೆಗೆ ಹೋದಳು. ಸ್ಟ್ಯಾಂಡ್ ಹತ್ತಿ ಗೋಣಿಗಳನ್ನು ಎಳೆದೆಳೆದು ಕೆಳಗೆ ಹಾಕಿದಳು. ಕಾಲು ತೊಳೆದಿರಲಿಲ್ಲ. ಹುಳುಮನೆಗೆ ಹೋಗುವ ಮುಂಚೆ ಕಾಲು ತೊಳೆಯದೇ ಇರುವುದು ನಮ್ಮಲ್ಲಿ ದೊಡ್ಡ ಅಪರಾಧ. ಅತ್ತೆ ಕೂಗಿಕೊಂಡರು. ಮಾವ ಓಡಿ ಬಂದರು. ನಾನೂ ಹೋದೆ. ಅವಳು ಮೇಲಿನಿಂದಲೇ, ಕೆಂಡಕ್ಕೂ ಗಾಳಿ ಬೇಕು ತಾತ, ಮನುಷ್ಯರಿಗೂ ಬೇಕು, ಮುಚ್ಚಿದರೆ ಇರುವುದು ಒಂದು ಮನೆ ಗಾಳಿ ಅಷ್ಟೇ ಎಂದಳು. ಅಳುತ್ತಿರಲಿಲ್ಲ. ಶಾಲೆಯಲ್ಲಿ ಪ್ರಶ್ನೆಗೆ ಉತ್ತರ ಹೇಳುವ ದನಿಯಲ್ಲಿಯೇ ಹೇಳಿದಳು.

ಮಾವ ಅವಳ ಕೈ ಹಿಡಿದು ಕೆಳಗಿಳಿಸಿದರು. ಕೆಳಗೆ ಬಿದ್ದ ಗೋಣಿಯೊಂದನ್ನು ಎತ್ತಿಕೊಂಡರು.

"ಅವತ್ತು ಹತ್ತಿ ಮುಚ್ಚಿದೋಳೂ ನೀನೇ," ಎಂದರು. "ಇವತ್ತು ಕೀಳೋಳೂ ನೀನೇ."

ಅತ್ತೆ ಕೂಗುವುದನ್ನು ನಿಲ್ಲಿಸಿದರು. ಮಗಳು ತಾತನ ಮುಖವನ್ನೇ ನೋಡಿದಳು. ಅವಳಿಗೆ ಅನುಮಾನ ಇದ್ದುದನ್ನು ದೊಡ್ಡವರೊಬ್ಬರು ಬಾಯಿಬಿಟ್ಟು ಹೇಳಿದಂತಾಯಿತು. ಅವಳು ಹೊರಗೆ ಹೋಗಿ, ತೊಟ್ಟಿಯ ಹತ್ತಿರ ನಿಂತು, ತಡವಾಗಿ ಕಾಲು ತೊಳೆದುಕೊಂಡಳು.

ರಾತ್ರಿ ಊಟ ಮಾಡಲಿಲ್ಲ. ಮರುದಿನ ಶಾಲೆಗೂ ಹೋಗಲಿಲ್ಲ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಮಕ್ಕಳಿಗೆ ಇಂಥದ್ದೆಲ್ಲ ಹೇಳಿಕೊಡೋ ಮೇಷ್ಟರುಗಳನ್ನು ಮೊದಲು ಬೈಯಬೇಕು ಎಂದರು. ಹೋಗ್ಲಿ ಬಿಡಮ್ಮ, ಮಕ್ಕಳು ಮರೆಯುತ್ತವೆ ಎಂದೂ ಹೇಳಿದರು. ನನಗೂ ಮಿಸ್ಸಿನ ಮೇಲೆ ಕೋಪ ಬಂದಿತ್ತು. ಒಂದು ಬತ್ತಿ, ಒಂದು ಲೋಟ ಇಟ್ಟುಕೊಂಡು ನನ್ನ ಮಗಳ ಬದುಕನ್ನು ಅಲ್ಲಾಡಿಸಿಬಿಟ್ಟರು ಎಂದು ಹಲ್ಲು ಕಚ್ಚಿಕೊಂಡೇ ಶಾಲೆಗೆ ಹೋದೆ.

ಮಿಸ್ಸು ಚಿಂತಾಮಣಿ ಕಡೆಯವರು, ವಯಸ್ಸು ಚಿಕ್ಕದು. ನಾನು ಏನೋ ಬೈಯಲು ಹೋಗಿ ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೊರಗಿನ ಒಬ್ಬರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಅವರ ಕಣ್ಣಲ್ಲಿ ನೀರು ಬಂತು. ನನಗೆ ಅದು ಬೇಕಿರಲಿಲ್ಲ. ಅಳುವವರು ನಮ್ಮ ಮನೆಯಲ್ಲಿ ಸಾಕಷ್ಟು ಜನ ಇದ್ದರು. ಸರಿಯಾಗಿ ಏನಾಯಿತು ಅನ್ನುವುದನ್ನು ನನಗೆ ಪಾಠ ಮಾಡಿ, ನಾನು ಅವಳಿಗೆ ಹೇಳಬೇಕು ಎಂದೆ.

ಅವರು ಕಣ್ಣೊರೆಸಿಕೊಂಡು ಮಕ್ಕಳ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಹೇಳಿದರು. ಲೋಟದ ಕೆಳಗಿನ ಬತ್ತಿ ಬೇರೆ, ಕೆಂಡ ಬೇರೆ. ಬತ್ತಿ ಆರುವುದು ಆಮ್ಲಜನಕ ಸಾಲದೆ. ಆದರೆ ನನ್ನ ಯಜಮಾನರ ವಿಷಯದಲ್ಲಿ ಗಾಳಿ ಮುಗಿದುಹೋಗಿರಲಿಲ್ಲ. ಇದ್ದಿಲಿನ ಕೆಂಡದಿಂದ ಒಂದು ಅನಿಲ ಹೊರಡುತ್ತದೆ, ಇಂಗಾಲದ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಇಲ್ಲದ ಕೆಂಡದಿಂದಲೂ ಬರುತ್ತದೆ. ಬಯಲಲ್ಲಿ ಗಾಳಿಗೆ ಸೇರಿ ಹರಡಿಹೋಗುತ್ತದೆ. ಮುಚ್ಚಿದ ಕಡೆ ಉಳಿದುಕೊಳ್ಳುತ್ತದೆ. ನಮ್ಮ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಮೊದಲು ಹೋಗಿ ಕೂತುಬಿಡುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಎಂದರು. ಆಮ್ಲಜನಕ ಹೊರಗೆ ಇದ್ದರೂ ಒಳಗೆ ಸೀಟು ಇಲ್ಲ. ಮಲಗಿದವರಿಗೆ ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ, ಹಾಗಾಗಿ ಎಚ್ಚರವೂ ಆಗುವುದಿಲ್ಲ.

ಹುಳು ಯಾಕೆ ಸಾಯಲಿಲ್ಲ ಎಂದು ಕೇಳಿದೆ. ಅದೊಂದು ನನ್ನನ್ನು ವರ್ಷವಿಡೀ ಕಾಡಿತ್ತು. ಹುಳುವಿಗೆ ನಮ್ಮಂಥ ಕೆಂಪು ರಕ್ತ ಇಲ್ಲ, ಅದರ ಮೈಯ ಪಕ್ಕದ ಸಣ್ಣ ತೂತುಗಳಿಂದ ಗಾಳಿ ನೇರವಾಗಿ ಒಳಗೆ ಹೋಗುತ್ತದೆ ಎಂದರು. ಅದಕ್ಕೂ ಪುಣ್ಯಕ್ಕೂ ಸಂಬಂಧವಿಲ್ಲ.

ಮತ್ತೆ ಮಾವ ಚಿಕ್ಕಂದಿನಲ್ಲಿ ಕೆಂಡದ ಪಕ್ಕ ಮಲಗಿ ಬದುಕಿದ್ದು ಹೇಗೆ ಎಂದೆ. ಹಳೆಯ ಮನೆ ಹೇಗಿತ್ತು ಎಂದು ಅವರು ತಿರುಗಿ ಕೇಳಿದರು. ನಾಡಹೆಂಚು ಎಂದು ಹೇಳುತ್ತಿದ್ದ ಹಾಗೆ ನನಗೇ ತಿಳಿಯಿತು. ಹೆಂಚಿನ ಒಂದೊಂದು ಸಂದಿಯೂ ಒಂದೊಂದು ಕಿಂಡಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು, ಕೆಳಗಿನಿಂದ ಹೊಸ ಗಾಳಿ ಬರುತ್ತಿತ್ತು. ಎಷ್ಟು ಮುಚ್ಚಿದರೂ ಆ ಮನೆ ಮುಚ್ಚುತ್ತಿರಲಿಲ್ಲ. ನಾವು ಹೆಂಚು ತೆಗೆದು ಮೋಲ್ಡ್ ಹಾಕಿಸಿ, ಕುಂಪಟಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೆವು. ಊರಿಗೆಲ್ಲ ಮಾದರಿಯಾದ ಮನೆ.

ಮನೆಗೆ ಬಂದು ಮಗಳನ್ನು ಹಿಪ್ಪುನೇರಳೆ ತೋಟಕ್ಕೆ ಕರೆದುಕೊಂಡು ಹೋದೆ. ಬದುವಿನ ಮೇಲೆ ಕೂರಿಸಿಕೊಂಡು ಮಿಸ್ಸು ಹೇಳಿದ್ದನ್ನೆಲ್ಲ ನನ್ನ ಮಾತಿನಲ್ಲಿ ಹೇಳಿದೆ. ಟವೆಲ್ಲಿನ ಸಂಗತಿ ಹೇಳಿದೆ, ಹೆಂಚಿನ ಸಂಗತಿ ಹೇಳಿದೆ. ಹಾರ್ಟ್ ಅಟ್ಯಾಕ್ ಸುಳ್ಳು ಎಂದೆ. ಅವಳು ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಪುಡಿ ಮಾಡುತ್ತಾ ಕೇಳಿಸಿಕೊಂಡಳು.

"ನಾನು ಮುಚ್ಚದೇ ಇದ್ದಿದ್ರೆ ಅಪ್ಪ ಇರ್ತಿದ್ರಾ?"

ಈ ಪ್ರಶ್ನೆಗೆ ಮಿಸ್ಸು ಏನೂ ಹೇಳಿಕೊಟ್ಟಿರಲಿಲ್ಲ. ಇಲ್ಲ ಎನ್ನಬಹುದಿತ್ತು. ಆದರೆ ಈಗಷ್ಟೇ ಒಂದು ಸುಳ್ಳನ್ನು ಕಿತ್ತುಹಾಕಿದ್ದೆ.

"ಇರ್ತಿದ್ರೇನೋ ಕಣಮ್ಮ," ಎಂದೆ. "ಆದ್ರೆ ನೀನು ಮುಚ್ಚದೇ ಇದ್ದಿದ್ರೆ ಏಣಿ ಹಾಕ್ಕೊಂಡು ಇನ್ಯಾರೋ ಮುಚ್ತಿದ್ರು. ಮುಚ್ಚು ಅಂದಿದ್ದು ನಾವು. ಕೆಂಡ ಇಟ್ಟಿದ್ದೂ ನಾವೇ. ಹಿಂಗಾಗುತ್ತೆ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ."

"ನಾವು ಅಂದ್ರೆ ಯಾರು?"

"ಹತ್ತಿ ಮುಚ್ಚು ಅಂದಿದ್ದು ನಿಮ್ಮಪ್ಪ. ಕೆಂಡ ಮಾಡಿ ತಂದಿಟ್ಟಿದ್ದು ತಾತ. ನಾನು ನೋಡ್ಕೊಂಡು ನಿಂತಿದ್ದೆ."

ಅವಳು ಇನ್ನೊಂದು ಹೆಂಟೆ ಎತ್ತಿಕೊಂಡಳು. ಮುಖ ಸ್ವಲ್ಪ ಸಡಿಲವಾಯಿತು ಎಂದು ನನಗೆ ಅನಿಸಿತು. ಮುಗಿಯಿತು, ಹೇಳಿದ್ದು ಒಳ್ಳೆಯದಾಯಿತು ಎಂದುಕೊಂಡೆ.

"ಈ ಗ್ಯಾಸಿಂದೇ ಅಂತ ತಾತಂಗೆ ಯಾವಾಗ ಗೊತ್ತಾಯ್ತು?"

"ಆಸ್ಪತ್ರೇಲೇ. ಡಾಕ್ಟ್ರು ಹೇಳಿದ್ರು."

"ಗೊತ್ತಿದ್ದೂ ನನ್ನೇ ಅಂದ್ರಾ?"

ಅವಳು ಎದ್ದು ಮನೆಯ ಕಡೆ ನಡೆದಳು.

ಅಂದು ಸಂಜೆ ನಾನು ಹುಳುಮನೆಯಿಂದ ಕುಂಪಟಿ ಹೊರಗೆ ತಂದು ಕೆಂಡಕ್ಕೆ ನೀರು ಸುರಿದೆ. ಮಾವ ಜಗಲಿಯಲ್ಲಿ ಕೂತು ನೋಡುತ್ತಿದ್ದರು, ಬೇಡ ಎನ್ನಲಿಲ್ಲ. ಮೇಲಿನ ಕಿಂಡಿಗಳನ್ನು ತೆರೆದೇ ಬಿಟ್ಟೆ. ಕರೆಂಟಿನ ಹೀಟರ್ ತಂದು ಇಟ್ಟೆ. ಕರೆಂಟು ಇದ್ದಾಗ ಬೆಚ್ಚಗೆ, ಇಲ್ಲದಾಗ ಚಳಿ. ಆ ಬೆಳೆಯಲ್ಲಿ ಹುಳು ಒಂದಿಷ್ಟು ಸತ್ತವು, ಗೂಡು ತೆಳ್ಳಗೆ ಬಂದವು. ಸೊಸೆಯ ಹಟದಿಂದ ಬೆಳೆ ಹೋಯಿತು ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಮಗ ಹೋದದ್ದಕ್ಕೆ ಒಂದು ಕಾರಣ, ಗೂಡು ಹೋದದ್ದಕ್ಕೆ ಇನ್ನೊಂದು. ಮೊದಲನೆಯದನ್ನು ಮುಚ್ಚಿಟ್ಟ ಬಾಯಿಯೇ ಎರಡನೆಯದನ್ನು ಊರಿಗೆಲ್ಲ ಸಾರಿತು.

ಮಗಳು ಈಗ ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ. ಥರ್ಮಾಮೀಟರಿನ ಹತ್ತಿರ ಹೋಗುವುದಿಲ್ಲ, ಅದನ್ನು ನಾನೇ ನೋಡುತ್ತೇನೆ. ತಾತನ ಜೊತೆ ಮಾತು ಬಿಟ್ಟಿದ್ದಾಳೆ. ಜಗಳ ಆಡುವುದಿಲ್ಲ, ಮುಖ ತಿರುಗಿಸುವುದಿಲ್ಲ. ಅವರು ತಟ್ಟೆಯ ಮುಂದೆ ಕೂತರೆ ಅನ್ನ ಬಡಿಸುತ್ತಾಳೆ. ಮಾತು ಮಾತ್ರ ಇಲ್ಲ. ಸಂಜೆ ಅವರು ಹಾಲಿನ ಕ್ಯಾನು ಕಟ್ಟಿಕೊಂಡು ಗಾಡಿ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತಾರೆ. ಆಮೇಲೆ ಒಬ್ಬರೇ ಹೋಗುತ್ತಾರೆ. ಒಂದು ಸುಳ್ಳು ಅವಳಿಂದ ಅಪ್ಪನ ಸಾವನ್ನು ದೂರ ಇಟ್ಟಿತ್ತು. ಒಂದು ಸತ್ಯ ಅವಳಿಂದ ತಾತನನ್ನು ದೂರ ಮಾಡಿತು. ಎರಡನ್ನೂ ಅವಳ ಒಳ್ಳೆಯದಕ್ಕೇ ಎಂದು ಮಾಡಿದ್ದು.

ಮೊನ್ನೆ ಮಾವ ಕೊಟ್ಟಿಗೆಗೆ ಬಂದರು. ನಾನು ಹಾಲು ಕರೆಯುತ್ತಿದ್ದೆ. ಅವರು ಕಂಬಕ್ಕೆ ಒರಗಿ ನಿಂತು, ಅವಳಿಗೆ ಸ್ವಲ್ಪ ಹೇಳಮ್ಮ, ನನ್ನ ಜೊತೆ ಮಾತಾಡಲಿ ಎಂದರು. ಮಗ ಹೋದಾಗಲೂ ಅವರು ಈ ದನಿಯಲ್ಲಿ ಮಾತಾಡಿರಲಿಲ್ಲ.

"ನಾನು ಏನು ಹೇಳ್ಲಿ ಮಾವ," ಎಂದೆ. "ನಿನ್ನದಲ್ಲ ತಪ್ಪು ಅಂತ ನೀವೇ ಅವಳಿಗೆ ಹೇಳಿ. ಅವತ್ತಿನ ಮಾತು ನಿಮ್ಮ ಬಾಯಿಂದ ಬಂದಿದ್ದು, ನೀವೇ ವಾಪಸ್ ತಗೋಬೇಕು."

ಅವರು ತಲೆಯಾಡಿಸಿದರು. ಹೇಳುತ್ತೇನೆ ಎಂದರು. ಹಸು ಕಾಲು ಝಾಡಿಸಿತು, ನಾನು ಹಾಲಿನ ಪಾತ್ರೆ ಹಿಡಿದುಕೊಂಡೆ. ತಿರುಗಿ ನೋಡುವಷ್ಟರಲ್ಲಿ ಹೋಗಿದ್ದರು.

ಅಂದಿನಿಂದ ದಿನವೂ ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಹೊತ್ತಿಗೆ ಅವರು ಜಗಲಿಯಲ್ಲಿ ಕೂತಿರುತ್ತಾರೆ. ಅವಳು ಚಪ್ಪಲಿ ಹಾಕಿಕೊಳ್ಳುವಾಗ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಒಳಗೆ ಮಾಡುತ್ತಿರುವ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಇವತ್ತು ಹೇಳುತ್ತಾರೆ ಎಂದುಕೊಳ್ಳುತ್ತೇನೆ. ಅವರು ಆಕಾಶ ನೋಡುತ್ತಾರೆ. ಮೋಡ ಆಗೈತೆ, ಛತ್ರಿ ತಗೊಂಡು ಹೋಗಮ್ಮ ಎನ್ನುತ್ತಾರೆ. ಅವಳು ಛತ್ರಿ ತೆಗೆದುಕೊಳ್ಳದೆ ಹೋಗುತ್ತಾಳೆ.